ಖಂಡೇ ಪೂಜೆಯ ಎಣ್ಣೆ

1982ರ ನವೆಂಬರ್ 8, ಸೋಮವಾರ. ಮುಂಜಾನೆ ಒಂಬತ್ತರ ಸುಮಾರಿಗೆ ಇಳಕಲ್ ಪೊಲೀಸ್ ಠಾಣೆಗೆ ಬಂದ ಮನುಷ್ಯ ಕಾರಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ನಿಂತ. ಬರೆಯುತ್ತ ಕುಳಿತಿದ್ದ ಹೆಡ್ ಕಾನ್‌ಸ್ಟೇಬಲ್ ಹಣಮಪ್ಪ ತಲೆ ಎತ್ತಿದ.

“ಕಾರು ಕಳುವಾಗೇತೇನು?”

“ಕಾರು ಐತ್ರಿ. ಗಾಲಿ ಇಲ್ಲ.”

“ಎಷ್ಟು ಗಾಲಿ?”

“ನಾಲ್ಕೂ.”

“ಮತ್ತ ಕಾರು ಹೆಂಗ ನಿಂತೈತಿ?”

“ಕಲ್ಲಿನ ಮ್ಯಾಲೆ ಕುಂತೈತ್ರಿ. ಹಿರ್‍ಯಾರು ಕಟ್ಟಿ ಮ್ಯಾಲೆ ಕುಂತಂಗ.”

ಬಂದವನು ಕಾಶಪ್ಪ ಹೂಲಗೇರಿ. ವಯಸ್ಸು ಐವತ್ತಾರು. ಬಾಡಿಗೆ ಕಾರಿನ ಮಾಲೀಕನೂ ಚಾಲಕನೂ ಅವನೇ. ಊರಿನಲ್ಲಿ ಆ ಕಾರನ್ನು ಗುರುತಿಸದವರು ಕಡಿಮೆ. ಕಪ್ಪು ಮೈ, ಹಳದಿ ಮಾಡು, 1961ರ ಮಾದರಿ. ಇಪ್ಪತ್ತು ವರ್ಷದಿಂದ ಇಳಕಲ್, ಹುನಗುಂದ, ಬಾಗಲಕೋಟೆ ರಸ್ತೆಯಲ್ಲಿ ಸೀಟು ತುಂಬಿಸಿಕೊಂಡು ಓಡುತ್ತಿತ್ತು. ಸೀರೆ ವ್ಯಾಪಾರಿಗಳು, ದವಾಖಾನೆಗೆ ಹೋಗುವವರು, ಕೂಡಲಸಂಗಮದ ಭಕ್ತರು, ಎಲ್ಲರೂ ಅದರಲ್ಲಿ ಕುಳಿತವರೇ. ಮೈಲಿ ತೋರಿಸುವ ಮೀಟರ್ ಮೂರು ಸಲ ತುಂಬಿ ಮತ್ತೆ ಸೊನ್ನೆಗೆ ಬಂದಿತ್ತು. ಪ್ರತಿ ಸಲವೂ ಕಾಶಪ್ಪ ಕಾಯಿ ಒಡೆದು, ಗಾಡಿ ಹೊಸದಾಯಿತು ಎಂದು ಸ್ಟ್ಯಾಂಡಿನವರಿಗೆಲ್ಲ ಪೇಡೆ ಹಂಚಿದ್ದ.

ಸಬ್ ಇನ್‌ಸ್ಪೆಕ್ಟರ್ ಕಲ್ಲಪ್ಪ ಬೂದಿಹಾಳ ಒಳಗಿನ ಕೋಣೆಯಿಂದ ಬಂದು ಎದುರಿಗೆ ಕುಳಿತರು.

“ನಿನ್ನೆ ಎಲ್ಲಿದ್ರಿ?”

“ಕೂಡಲಸಂಗಮಕ್ಕ ಹೋಗಿದ್ನಿ ಸಾಹೇಬ್ರ. ಸಂಬಂಧಿಕರ ಮನ್ಯಾಗ ಲಿಂಗಧಾರಣಿ ಇತ್ತು. ರಾತ್ರಿ ಅಲ್ಲೇ ಉಳದು ಈಗ ಬಸ್ಸಿಗೆ ಬಂದ್ನಿ.”

“ಸ್ವಂತ ಕಾರು ಬಿಟ್ಟು ಬಸ್ಸಿನ್ಯಾಗ ಯಾಕ?”

“ಮನ್ಯಾಕಿ ಹಟ ಹಿಡದ್ಲು. ಬುಧವಾರ ದೂರ ಹೋಗೂದೈತಿ, ಗಾಡಿಗೆ ಒಂದಿನ ವಿಶ್ರಾಂತಿ ಕೊಡ್ರಿ ಅಂದ್ಲು.”

“ಬುಧವಾರ ಎಲ್ಲಿಗೆ?”

“ಬಾದಾಮಿಗಿ. ಮಗಳು ಬನಶಂಕರೀನ ಅಲ್ಲಿ ಕೊಟ್ಟೇವಿ. ಏಳು ತಿಂಗಳು ತುಂಬೇತಿ, ಚೊಚ್ಚಲ ಬಾಣಂತನ. ಇದ ಗಾಡ್ಯಾಗ ಕುಂತು ಗಂಡನ ಮನಿಗೆ ಹೋದಾಕಿ, ಇದರಾಗ ತವರಿಗೆ ಬರಬೇಕು. ಬೀಗರಿಗೆ ಹೇಳಿ ಕಳಿಸೇನಿ. ಬುಧವಾರದೊಳಗ ಗಾಲಿ ಬೇಕ್ರಿ.”

“ಯಾರ ಮ್ಯಾಲರ ಸಂಶಯ?”

ಕಾಶಪ್ಪ ತಡಮಾಡಲಿಲ್ಲ. ಸ್ಟ್ಯಾಂಡಿನ ಇನ್ನೊಂದು ಬಾಡಿಗೆ ಕಾರಿನ ಮುರ್ತುಜಸಾಬನ ಹೆಸರು ಹೇಳಿದ. ಶನಿವಾರ ಎಲ್ಲರೆದುರು ಅವನು ತನ್ನ ಗಾಡಿಯನ್ನು ಹೀಯಾಳಿಸಿದ್ದಾನೆ, ತನಗೆ ಪಾಳಿ ತಪ್ಪಿದರೆ ಸೀಟು ಅವನಿಗೇ ಸಿಗುತ್ತವೆ ಎಂದ. ನಾಲ್ಕು ಗಾಲಿಗಳ ಕಿಮ್ಮತ್ತು ಎಷ್ಟು ಎಂದು ಕೇಳಿದಾಗ ಎದೆ ಮುಂದೆ ಮಾಡಿ ಒಂದೂವರೆ ಸಾವಿರ ಎಂದ. ಹಣಮಪ್ಪ ಬರೆದುಕೊಂಡ. ಭಾರತ ದಂಡ ಸಂಹಿತೆ ಕಲಂ 379ರ ಅಡಿ ಎಫ್‌ಐಆರ್ ದಾಖಲಾಯಿತು. ಕಾಶಪ್ಪ ಸಹಿ ಹಾಕಿ, ಕೀಲಿಕೈ ಎತ್ತಿಕೊಂಡು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವನಂತೆ ಮುಷ್ಟಿಯಲ್ಲೇ ಹಿಡಿದು ಹೊರಟ.

ಹನ್ನೊಂದು ಗಂಟೆಗೆ ಬೂದಿಹಾಳ, ಹಣಮಪ್ಪ ಮತ್ತು ಕಾನ್‌ಸ್ಟೇಬಲ್ ಮಾಳಪ್ಪ ಸ್ಥಳಕ್ಕೆ ಹೋದರು. ನೇಕಾರರ ಓಣಿ. ಮನೆ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಓಣಿಯ ತಿರುವಿನಲ್ಲಿ ಕಾಶಪ್ಪನ ಮನೆ, ಅದರ ಅಂಗಳದಲ್ಲಿ ಕಾರು. ಎರಡು ಮನೆಗಳ ಗಂಡಸರನ್ನು ಪಂಚರಾಗಿ ಕರೆದು ಪಂಚನಾಮೆ ಸುರುವಾಯಿತು.

ಕಾರಿನ ನಾಲ್ಕು ಮೂಲೆಗೂ ಕೆಂಪು ಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿತ್ತು. ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಡಿಕ್ಕಿಗೆ ಬೀಗ ಇರಲಿಲ್ಲ, ಹುರಿಯಿಂದ ಕಟ್ಟಿತ್ತು. ಬಿಚ್ಚಿ ನೋಡಿದರೆ ಒಳಗೆ ಸ್ಟೆಪ್ನಿ ಇತ್ತು.

“ಇದು ಹೊಸಾ ಟಾಯರ್ ಅಲ್ಲ?” ಬೂದಿಹಾಳ ಕೇಳಿದರು.

“ಹೋದ ತಿಂಗಳ ಹಾಕ್ಸೇನ್ರಿ.”

“ಕಳ್ಳ ಇದನ್ನ ಬಿಟ್ಟು ಹಳೇವು ಒಯ್ದಾನ?”

“ಕತ್ತಲಾಗ ಕಂಡಿರಲಿಕ್ಕಿಲ್ಲ.”

ಹಣಮಪ್ಪ ಹಿಂದಿನ ಸೀಟಿನಿಂದ ಒಂದು ತವರದ ಡಬ್ಬಿ ಎತ್ತಿ ಅಲ್ಲಾಡಿಸಿದ. ಗಾಲಿಗಳ ನಟ್ಟುಗಳೆಲ್ಲ ಅದರಲ್ಲಿದ್ದವು. ಒರೆಸಿ, ಎಣ್ಣೆ ಹಚ್ಚಿ ಇಟ್ಟಿದ್ದವು.

“ಸಾಹೇಬ್ರ, ಈ ಕಳ್ಳನ್ನ ನಮ್ಮ ಮನಿ ಕೆಲಸಕ್ಕ ಇಟ್ಕೋಬೇಕ್ರಿ,” ಎಂದ. “ನನ್ನ ಹೇಣತಿಗೆ ಒಂದು ಸೂಜಿ ಇಟ್ಟಲ್ಲಿ ಸಿಗೂದಿಲ್ಲ.”

ಎಡಗಡೆಯ ಮುಂದಿನ ಗಾಲಿ ಇರಬೇಕಾದ ಜಾಗದ ಕೆಳಗೆ ಅಂಗೈಯಗಲ ನೆಲ ಹಸಿಯಾಗಿತ್ತು. ಬೂದಿಹಾಳ ಬಗ್ಗಿ ಬೆರಳು ಮುಟ್ಟಿಸಿದರು. ಜಾರುತ್ತಿತ್ತು.

“ಇದೇನು?”

“ಖಂಡೇ ಪೂಜಿ ಎಣ್ಣಿರಿ,” ಕಾಶಪ್ಪ ಹೇಳಿದ. “ಮಹಾನವಮಿ ದಿನ ನಾಲ್ಕೂ ಗಾಲಿಗೆ ಎಣ್ಣಿ ಹಚ್ಚಿ, ಇಭೂತಿ ಹಚ್ಚಿ, ನಿಂಬಿಹಣ್ಣು ಇಟ್ಟು ಪೂಜಿ ಮಾಡ್ತೇವಿ. ಅದ ಇನ್ನೂ ಇಳೀತೈತಿ.”

ಪಂಚರೂ ಹೌದೆಂದರು. ಹುಡುಗಾಟದ ಮಾತಲ್ಲ, ಎಲ್ಲರೂ ಹಾಗೆಯೇ ನಂಬಿದ್ದರು. ಪಂಚನಾಮೆಯಲ್ಲಿ ‘ಎಣ್ಣೆಯ ಕಲೆ’ ಎಂದು ಬರೆದಾಯಿತು.

ಕಾಶಪ್ಪನ ಹೆಂಡತಿ ಗುರುಲಿಂಗವ್ವ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು. ತೆಳ್ಳನೆಯ ಹೆಂಗಸು, ಐವತ್ತರ ಹತ್ತಿರ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

“ಅವ್ವಾರ, ರಾತ್ರಿ ಏನರ ಸಪ್ಪಳ ಕೇಳಿಸ್ತೇನು?”

“ಇಲ್ರಿ.”

“ಗಾಲಿ ಹೋಗಿದ್ದು ಯಾವಾಗ ಗೊತ್ತಾತು?”

“ಇವರು ಬಂದು ಒದರಿದ ಮ್ಯಾಲೆ. ಆವಾಗ ಹೊರಗ ಬಂದು ನೋಡಿದ್ನಿ.”

ಬೂದಿಹಾಳ ಬರೆದುಕೊಂಡು ತಿರುಗಿದರು. ಅಂಗಳ ದಾಟುವಾಗ ಕಾಲ ಕೆಳಗಿನ ರಂಗೋಲಿ ತುಳಿಯಬಾರದೆಂದು ಒಂದು ಹೆಜ್ಜೆ ಅಗಲಿಸಿ ಇಟ್ಟರು.

ಮಧ್ಯಾಹ್ನ ಮುರ್ತುಜಸಾಬ ತಾನೇ ಠಾಣೆಗೆ ಬಂದ. ಅವನನ್ನು ಕರೆತರಲು ಹೋದ ಮಾಳಪ್ಪನಿಗಿಂತ ಮುಂಚೆ ಸುದ್ದಿ ಸ್ಟ್ಯಾಂಡಿಗೆ ಮುಟ್ಟಿತ್ತು.

“ಶನಿವಾರ ಕಾಶಪ್ಪಗ ಏನಂದಿ?”

“ಗಾಡಿಗೆ ಪಿಂಚಣಿ ಕೊಡಪಾ ಕಾಶಪ್ಪಣ್ಣ ಅಂದ್ನಿ ಸಾಹೇಬ್ರ. ಖರೆ.”

“ಯಾಕ ಅಂದಿ?”

“ಹುನಗುಂದ ಸಮೀಪ ಕುರಿ ಹಿಂಡು ಅಡ್ಡ ಬಂತು. ನಾ ಹಿಂದ ಇದ್ನಿ. ಆತ ಬ್ರೇಕ್ ತುಳದಾನ, ಕೆಂಪು ದೀಪ ಹತ್ತೇತಿ, ಗಾಡಿ ನಿಂತಿಲ್ಲ. ಮತ್ತ ತುಳದಾನ, ಆಮ್ಯಾಲ ನಿಂತೈತಿ. ಕುರಿ ಕಾಯಾಂವ ಬೈದ ಬೈಗುಳ ನಿಮ್ಮ ಮುಂದ ಹೇಳಾಕ ಬರೂದಿಲ್ಲ.”

“ನಿನ್ನೆ ರಾತ್ರಿ ಎಲ್ಲಿದ್ದಿ?”

“ಮನ್ಯಾಗ. ಆ ಗಾಲಿ ಒಯ್ದು ನಾ ಏನ ಮಾಡ್ಲಿ, ಸಾಹೇಬ್ರ?” ಮುರ್ತುಜಸಾಬ ಟೊಪ್ಪಿಗೆ ತೆಗೆದು ತಲೆ ಬಗ್ಗಿಸಿ ತೋರಿಸಿದ. “ಇದಕಿಂತ ನುಣ್ಣಗ ಅದಾವು.”

ಮಾಳಪ್ಪ ನಗು ತಡೆಯಲು ಗೋಡೆ ಕಡೆ ತಿರುಗಿದ. ಮುರ್ತುಜಸಾಬ ಮಾತ್ರ ನಗಲಿಲ್ಲ. ಟೊಪ್ಪಿಗೆ ಮತ್ತೆ ಹಾಕಿಕೊಂಡು ಮೆಲ್ಲನೆ ಹೇಳಿದ: “ಇವತ್ತ ನನ್ನ ಪಾಳಿ ಇತ್ರಿ. ಬಾಗಲಕೋಟಿ ಸೀಟು. ಒಬ್ಬರೂ ಹತ್ತಲಿಲ್ಲ. ಪೊಲೀಸರು ಕರದಾರ ಅಂದ್ರ ಯಾರು ಹತ್ತತಾರ? ಲಗೂನ ನನ್ನ ಹೆಸರು ಬಿಡಸ್ರಿ.”

ಅವನ ಮನೆ, ಹಿತ್ತಲು, ಸ್ಟ್ಯಾಂಡಿನ ಹತ್ತಿರದ ಟಾಯರ್ ಅಂಗಡಿಗಳನ್ನು ಹಣಮಪ್ಪ ನೋಡಿಕೊಂಡು ಬಂದ. ಏನೂ ಸಿಗಲಿಲ್ಲ. ಸಂಜೆ ಮಾಳಪ್ಪ ಓಣಿಯ ವಿಚಾರಣೆ ಮುಗಿಸಿ ಬಂದು ವರದಿ ಒಪ್ಪಿಸಿದ.

“ಒಂಬತ್ತು ಮನಿ ಕೇಳಿದ್ನಿರಿ. ಗಂಡಸರಿಗೆ ಏನೂ ಗೊತ್ತಿಲ್ಲ.”

“ಹೆಂಗಸರು?”

“ಅವರಿಗೂ ಗೊತ್ತಿಲ್ಲ. ಆದ್ರ ಎಲ್ಲಾರೂ ಒಂದ ಮಾತು ಅಂತಾರ. ‘ನಾಯಿ ಸೈತ ಬೊಗಳಲಿಲ್ರಿ.’ ಕೇಳೂದಕಿಂತ ಮುಂಚೆನ ಹೇಳ್ತಾರ. ಒಬ್ಬಾಕಿ ಅಂತೂ ನಾ ಕುಡಿಯಾಕ ನೀರು ಕೇಳಿದ್ರ, ನಾಯಿ ಬೊಗಳಲಿಲ್ಲ ಅಂದ್ಲು.”

“ಮತ್ತ?”

“ಮತ್ತ ಏನಿಲ್ರಿ. ಕಾಶಪ್ಪನ ಬಾಜೂ ಮನ್ಯಾಗ ಸಾವಿತ್ರೆವ್ವ ಅಂತ ಒಬ್ಬಾಕಿ. ಮಗ್ಗದ ಮ್ಯಾಲೆ ಕುಂತಿದ್ಲು. ಹೊತ್ತು ಹೊಂಟಾಗಿಂದ ನೇಯಾಕತ್ತೇನಿ, ಯಾವ ಕಡೆನೂ ನೋಡಿಲ್ಲ ಅಂದ್ಲು. ಆದ್ರ ಆಕಿ ಕಾಲು ಮಡಚಿ ಕುಂತಿದ್ಲು.”

ಬೂದಿಹಾಳ ತಲೆ ಎತ್ತಿದರು. ಇಳಕಲ್ಲಿನ ಮಗ್ಗ ನೆಲಮಟ್ಟದ್ದು. ನೇಯುವವರು ಅದರ ಮುಂದಿನ ಕುಣಿಯಲ್ಲಿ ಕಾಲು ಇಳಿಬಿಟ್ಟು, ಒಳಗಿನ ಮೆಟ್ಟಿಲು ತುಳಿಯುತ್ತ ನೇಯಬೇಕು. ಕಾಲು ಮಡಚಿಕೊಂಡು ಪೂಜೆಗೆ ಕೂಡಬಹುದು, ನೇಯಲು ಬರುವುದಿಲ್ಲ.

“ಮಗ್ಗದ ಸಪ್ಪಳ ಇತ್ತೇನು?”

“ಓಣಿ ತುಂಬ ಇತ್ತು. ಆಕಿದೊಂದ ಸುಮ್ನ ಇತ್ತು.”

ಬೂದಿಹಾಳ ಮೇಜಿನ ಮೇಲೆ ಬೆರಳಿನಿಂದ ಒಂದು ಚೌಕ ಬರೆದರು. ಅದರ ಮೂಲೆಗೆ ಒಂದು ಸುತ್ತು. ಬೆಳಿಗ್ಗೆ ತಾವು ದಾಟಿದ ರಂಗೋಲಿಯ ಗೆರೆ ಕಾರಿನ ಮುಂದಿನ ಕಲ್ಲಿನ ಹತ್ತಿರ ಬಂದು, ಕಲ್ಲನ್ನು ಮುಟ್ಟದೆ ಸುತ್ತು ಹಾಕಿ ಮುಂದೆ ಹೋಗಿತ್ತು. ಕಲ್ಲನ್ನು ರಂಗೋಲಿಯ ಮೇಲೆ ಇಟ್ಟಿರಲಿಲ್ಲ. ಕಲ್ಲು ಮೊದಲು ಬಂದಿತ್ತು, ರಂಗೋಲಿ ಆಮೇಲೆ. ಗಂಡ ಬಂದು ಕೂಗುವವರೆಗೆ ಏನೂ ತಿಳಿದಿರಲಿಲ್ಲ ಎಂದವಳು, ಗಾಲಿಯಿಲ್ಲದ ಕಾರಿನ ಸುತ್ತ ಸಾರಿಸಿ, ಗೆರೆ ಕೆಡದಂತೆ ರಂಗೋಲಿ ಹಾಕಿದ್ದಳು.

“ನಾಳೆ ಹೊತ್ತು ಏರಿದ ಮ್ಯಾಲೆ ಹೋಗೂಣು,” ಎಂದರು. “ಹೊತ್ತು ಮುಣಗಿದ ಮ್ಯಾಲೆ ಹೆಣ್ಮಕ್ಕಳ ವಿಚಾರಣೆ ಬ್ಯಾಡ.”

ಮಂಗಳವಾರ ಮುಂಜಾನೆ ಅಂಗಳದಲ್ಲಿ ಹೊಸ ರಂಗೋಲಿ ಇತ್ತು. ಅದೂ ಕಲ್ಲುಗಳನ್ನು ಸುತ್ತುವರಿದು ಹೋಗಿತ್ತು. ಕಾಶಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ. ಬೂದಿಹಾಳ ನೇರವಾಗಿ ಗುರುಲಿಂಗವ್ವನ ಮುಂದೆ ನಿಂತರು.

“ಅವ್ವಾರ, ನಿನ್ನೆ ಅಂಗಳ ಸಾರಿಸಿದ್ದು ಯಾವಾಗ?”

“ನಸಕಿನ್ಯಾಗ.”

“ಆವಾಗ ಈ ಕಲ್ಲು ಇಲ್ಲಿದ್ದುವೋ ಇಲ್ಲೋ?”

ಗುರುಲಿಂಗವ್ವ ಕಲ್ಲು ನೋಡಿದಳು. ರಂಗೋಲಿ ನೋಡಿದಳು. ಅವಳ ಬೆರಳಿನ ಮೇಲಿನ ಸೆರಗು ಬಿಚ್ಚಿಕೊಂಡಿತು.

“ಮುರ್ತುಜಸಾಬನ ಮನಿ ಜಡತಿ ಮಾಡೇವಿ. ಇವತ್ತ ಮತ್ತ ಅವನ್ನ ಠಾಣೆಗೆ ಕರಸಬೇಕಾಗತೈತಿ.”

“ಮುರ್ತುಜನ್ನ ಯಾಕ್ರಿ?”

“ಫಿರ್ಯಾದಿಯೊಳಗ ನಿಮ್ಮನಿಯವರು ಅವನ ಹೆಸರು ಬರಸ್ಯಾರ.”

ಅವಳು ಗಂಡನ ಕಡೆ ತಿರುಗಿದಳು. “ಆತನ ಹೆಸರು ಬರಸೀರಿ? ಮಗಳ ಮದವ್ಯಾಗ ಬೀಗರನ್ನ ಪುಕ್ಕಟ ಕರಕೊಂಡು ಬಂದಾತನ ಹೆಸರು?”

“ಮತ್ತ ಯಾರು ತಗೀತಾರ?” ಕಾಶಪ್ಪ ಗದರಿದ.

“ನಾನು.”

ಪಕ್ಕದ ಮನೆಯ ಬಾಗಿಲಲ್ಲಿ ಇಣುಕುತ್ತಿದ್ದ ಸಾವಿತ್ರೆವ್ವ “ಸಂಗಮನಾಥಾ” ಎಂದು ಹಣೆಗೆ ಕೈ ಹಚ್ಚಿಕೊಂಡಳು.

“ನೀ ತಗದಿ?” ಕಾಶಪ್ಪನ ಕೈಯ ಬಟ್ಟಲು ವಾಲಿ ಚಹಾ ಚೆಲ್ಲಿತು. “ಜ್ಯಾಕ್ ಯಾರು ಹಚ್ಚಿದ್ರು?”

“ಇಪ್ಪತ್ತು ವರ್ಷ ಹಾದ್ಯಾಗ ಪಂಕ್ಚರ್ ಆದಾಗೆಲ್ಲಾ ನಟ್ಟು ಬಿಚ್ಚೂ ಪಾನಾ ಯಾರು ಹಿಡದಾರ? ಸಂಜಿಮುಂದ ಗಂಡಸರೆಲ್ಲಾ ಸೀರಿ ಒಯ್ದು ಕೊಡಾಕ ಪ್ಯಾಟಿಗೆ ಹೋಗಿದ್ರು. ಆವಾಗ ತಗದ್ನಿ. ಸಾವಿತ್ರಿ ಗಾಲಿ ಉಳ್ಳಿಸಿಕೊಂಡು ಹೋದ್ಲು.”

“ಕಲ್ಲು?”

“ಓಣಿಯಾಗಿನ ಹೆಣ್ಮಕ್ಕಳೆಲ್ಲಾ ಕೂಡಿ ಎತ್ತೇವಿ.”

ಆಕೆಯ ಹೇಳಿಕೆಯ ಮೇರೆಗೆ ಪಂಚರ ಸಮಕ್ಷಮ ಸಾವಿತ್ರೆವ್ವನ ಮಗ್ಗದ ಕುಣಿಯನ್ನು ನೋಡಲಾಯಿತು. ಉದ್ದನೂಲಿನ ಹೊಸ ಹಾಸು ಹೂಡುವವರೆಗೆ ಆ ಮಗ್ಗಕ್ಕೆ ಕೆಲಸವಿರಲಿಲ್ಲ. ಕುಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಕೌದಿ. ಕೌದಿ ಸರಿಸಿದರೆ ನಾಲ್ಕು ಗಾಲಿ ಒಂದರ ಮೇಲೊಂದು ಕುಳಿತಿದ್ದವು. ಹಣಮಪ್ಪ ಜಪ್ತಿ ಪಂಚನಾಮೆ ಬರೆಯುವಾಗ ಸಾವಿತ್ರೆವ್ವ ಅವನ ಎದುರಿಗೇ ಕುಳಿತಳು.

“ನನ್ನ ಹೆಸರೂ ಬರಕೋರಿ. ಸಾವಿತ್ರೆವ್ವ ಸಪ್ಪರದ. ಎಲ್ಲಾ ಆಕಿ ಒಬ್ಬಾಕೇ ಮಾಡ್ಯಾಳ ಅಂತ ಆಗಬಾರದು.”

“ಬರದೇನವಾ. ಸಾಕ್ಷಿದಾರರಾಗ.”

“ಸಾಕ್ಷಿ ಯಾಕ? ನಾ ಉಳ್ಳಿಸೇನಲ್ಲ.”

“ಎಷ್ಟು ದೊಡ್ಡ ಹೆಸರು ಬೇಕು ನಿಂಗ?” ಹಣಮಪ್ಪ ಬೇಸತ್ತು ಕೇಳಿದ.

ಅಂಗಳದಲ್ಲಿ ಗಂಡ ಹೆಂಡತಿ ದೂರ ದೂರ ನಿಂತಿದ್ದರು. ಬೂದಿಹಾಳ ಕೇಳಿದರು: “ಯಾಕ ತಗದ್ರಿ, ಅವ್ವಾರ?”

“ಗಾಡಿ ನಿಲ್ಲವಲ್ದರಿ. ಮಗಳನ್ನ ಅದರಾಗ ಕುಂಡ್ರಸಾಕ ನನಗ ಧೈರ್ಯ ಇಲ್ಲ.”

“ಗಾಡಿಗೆ ಏನೂ ಆಗಿಲ್ಲ,” ಕಾಶಪ್ಪ ಹೇಳಿದ. “ಆಕಿಗೆ ಮೊದಲಿಂದ ಅಂಜಿಕಿ. ಚಕ್ಕಡಿ ಮ್ಯಾಲೂ ಕಣ್ಣು ಮುಚ್ಚಿ ಕುಂಡರತಾಳ.”

“ಆ ಎಣ್ಣಿ?” ಅವಳು ಹಸಿ ನೆಲ ತೋರಿಸಿದಳು.

“ಖಂಡೇ ಪೂಜೀದು ಅಂತ ಎಷ್ಟ ಸಲ ಹೇಳ್ಲಿ?”

“ಪೂಜಿ ಎಣ್ಣಿ ನಾನ ಹಚ್ಚೇನಿ. ನಾಲ್ಕೂ ಗಾಲಿಗೆ ಹಚ್ಚೇನಿ. ಒಂದರ ಕೆಳಗ ಅಷ್ಟ ಯಾಕ ಬೀಳತೈತಿ? ದಿನಾ ನೀರಿನ ಥಳಿ ಹೊಡೀತೇನಿ, ದಿನಾ ಸಾರಸ್ತೇನಿ. ಮರುದಿನ ಮತ್ತ ಬರತೈತಿ. ಆ ಜಾಗಕ್ಕ ಸಗಣಿ ಹಿಡಿಯೂದಿಲ್ಲ. ರಂಗೋಲಿ ಹಿಟ್ಟು ಹಾಕಿದ್ರ ಮುದ್ದಿ ಆಗತೈತಿ. ಇಷ್ಟು ದಿನ ಇಳಿಯೂವಷ್ಟು ಎಣ್ಣಿ ಯಾವ ಪೂಜಿಗೆ ಹಚ್ಚತಾರ?”

ಬೂದಿಹಾಳ ಚಾಲಕನ ಸೀಟಿನಲ್ಲಿ ಕುಳಿತು ಬ್ರೇಕ್ ತುಳಿದರು. ಪೆಡಲ್ ತಡೆಯೇ ಇಲ್ಲದೆ ಕೆಳಗೆ ಹೋಗಿ ತಗಡಿಗೆ ತಾಗಿತು. ಮತ್ತೆ ತುಳಿದರು, ಅರ್ಧಕ್ಕೆ ನಿಂತಿತು. ಮೂರನೆಯ ಸಲ ಗಟ್ಟಿಯಾಯಿತು. ಅಷ್ಟರಲ್ಲಿ ಹೊರಗೆ ಎಡಗಡೆಯ ಕಲ್ಲಿನ ಹತ್ತಿರ ಕುಳಿತು ನೋಡುತ್ತಿದ್ದ ಮಾಳಪ್ಪ, “ಸಾಹೇಬ್ರ, ಇಲ್ಲಿ ಜಿನುಗಾಕತ್ತೈತಿ” ಎಂದ.

“ಕಾಶಪ್ಪನವರ, ಒಂದ ಸಲ ತುಳಿದ್ರ ಯಾಕ ಹಿಡಿಯೂದಿಲ್ಲ?”

“ವಯಸ್ಸಾಗೇತ್ರಿ. ಎರಡು ಸಲ ತುಳಿದ್ರ ಹಿಡೀತೈತಿ. ಮುದುಕರು ಒಂದ ಕರಿಗೆ ಎದ್ದು ಬರತಾರೇನು?”

ಅವನು ನಗುತ್ತ ಹೇಳಿದ್ದ. ಆದರೆ ಮಾಳಪ್ಪನ ಹತ್ತಿರ ಹೋಗಿ ಬಗ್ಗಿ ನೋಡಿದವನು ಬೇಗ ಎದ್ದೇಳಲಿಲ್ಲ. ಬೆರಳಿಗೆ ಎಣ್ಣೆ ತಾಗಿಸಿ ಮೂಸಿದ. ಪೂಜೆಗೆ ಹಚ್ಚುವ ಕುಸುಬೆ ಎಣ್ಣೆಯ ವಾಸನೆ ಅವನಿಗೆ ಗೊತ್ತಿತ್ತು. ಬ್ರೇಕ್ ಎಣ್ಣೆಯದೂ ಗೊತ್ತಿತ್ತು. ದಸರೆಯಿಂದ ಒಮ್ಮೆಯೂ ಅವನು ಆ ಕಲೆಯನ್ನು ಮೂಸಿ ನೋಡಿರಲಿಲ್ಲ. ದೇವರ ಎಣ್ಣೆಯನ್ನು ಯಾರು ಮೂಸುತ್ತಾರೆ?

ವಿಜಾಪುರದ ಮೋಟಾರು ವಾಹನ ನಿರೀಕ್ಷಕರು ಅಂದು ಹುನಗುಂದದಲ್ಲಿ ಕ್ಯಾಂಪ್ ಇದ್ದರು. ಬೂದಿಹಾಳ ಫೋನ್ ಮಾಡಿ ಕರೆಸಿದರು. ಮೂರು ಗಂಟೆಗೆ ಬಂದ ನಿರೀಕ್ಷಕರು ಅಂಗಿಯ ತೋಳು ಮಡಚಿ ಕೆಲಸ ಹಿಡಿದರು. ಕೆಳಗೆ ಗೋಣಿ ಹಾಸಿಕೊಂಡು ಮಲಗಿ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ಬಡಿದು ನೋಡಿದರು. ಸ್ಟೇರಿಂಗ್ ಹಿಡಿದು ಅತ್ತಿತ್ತ ಅಲ್ಲಾಡಿಸಿದರು. ಕಾಲಿಡುವ ತಗಡನ್ನು ಗುದ್ದಿದರು. ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟರು. ಓಣಿಯ ಅರ್ಧ ಜನ ಸುತ್ತ ನಿಂತಿದ್ದರು. ಗುರುಲಿಂಗವ್ವ ಮಾತ್ರ ಒಳಗೆ ಕುಳಿತಿದ್ದಳು. ಗಾಡಿಯನ್ನು ಗುಜರಿಗೆ ಹಾಕಿ ಎಂದು ಅವರು ಹೇಳುವರೆಂದು ಕಾಯುತ್ತಿದ್ದಳೋ, ಹಾಗೆ ಹೇಳಿಬಿಟ್ಟರೆ ಗಂಡ ಏನಾಗುವನೋ ಎಂದು ಅಂಜುತ್ತಿದ್ದಳೋ, ಅವಳಿಗೇ ತಿಳಿಯದು.

“ಬರ್ರಿ ಇಲ್ಲಿ,” ನಿರೀಕ್ಷಕರು ಕಾಶಪ್ಪನನ್ನು ಕರೆದರು. “ಮುಂದಿನ ಎಡಗಾಲಿ ಸಿಲಿಂಡರ್ ಸೋರತೈತಿ. ರಬ್ಬರ್ ನಳಿಗಿ ಸೀಳ್ಯಾವು. ನಿಮ್ಮ ಗಾಡ್ಯಾಗ ನಾಲ್ಕೂ ಬ್ರೇಕಿಗೆ ಎಣ್ಣಿ ಹೋಗೂದು ಒಂದ ದಾರಿ. ಒಂದು ನಳಿಗಿ ಹರೀತು ಅಂದ್ರ ನಾಲ್ಕೂ ಹೋದುವು. ಆಮ್ಯಾಲ ಎರಡು ಸಲ ಅಲ್ಲ, ಇಪ್ಪತ್ತು ಸಲ ತುಳಿದ್ರೂ ನಿಲ್ಲೂದಿಲ್ಲ.”

“ಬಾದಾಮಿ ಮಟಾ?”

“ಬಸ್ ಸ್ಟ್ಯಾಂಡ್ ಮಟಾನೂ ಬ್ಯಾಡ.”

ಕಾಶಪ್ಪ ಕಾರಿನ ಮಾಡಿನ ಮೇಲೆ ಕೈ ಇಟ್ಟ. “ಹಂಗಾರ ಮುಗೀತೇನ್ರಿ ಇದರ ಕತಿ?”

“ಯಾರಂದ್ರು? ಚಾಸಿ ಗಟ್ಟಿ ಐತಿ. ಎಂಜಿನ್ ಚಲೋ ಇಟ್ಟೀರಿ. ಬ್ರೇಕ್ ಪೂರಾ ಹೊಸಾದು ಮಾಡಸ್ರಿ, ಟಾಯರ್ ಬದಲಾಸ್ರಿ, ಸ್ಟೇರಿಂಗಿನ ಆಟ ತಗಸ್ರಿ. ನಾ ಮತ್ತ ನೋಡಿ ಸರ್ಟಿಫಿಕೇಟ್ ಕೊಡ್ತೇನಿ. ಇನ್ನೂ ನಾಕು ವರ್ಷ ಓಡತೈತಿ. ಮೈಲಿ ಎಷ್ಟು ಆಗೇತಿ ಅಂತ ಯಾರೂ ಕೇಳೂದಿಲ್ಲ. ನಿಲ್ಲಬೇಕಾದಲ್ಲಿ ನಿಲ್ಲತೈತೋ ಇಲ್ಲೋ, ಅದನ್ನ ನೋಡ್ಕೋರಿ.”

ಬಾಗಿಲಿನ ಹಿಂದಿನಿಂದ ಗುರುಲಿಂಗವ್ವನ ದನಿ ಬಂತು. “ಹಿಂದ ಕಟಕಟ ಅಂತೈತಲ್ರಿ? ಅದಕ್ಕ ನನಗ ಭಾಳ ಅಂಜಿಕಿ.”

“ಅದು ಸೈಲೆನ್ಸರ್ ಪಟ್ಟಿ ಸಡಲಾಗೇದವಾ. ಒಂದು ತಂತಿ ಬಿಗದ್ರ ಸುಮ್ನಾಗತೈತಿ. ಅಂಜೂದು ಬ್ಯಾರೇದಕ್ಕ ಇತ್ತು, ಅದಕ್ಕೂ ಅಂಜೀರಿ. ಚಲೋ ಆತು.”

ಕತ್ತಲಾಗುವ ಮೊದಲು ಕಾಶಪ್ಪ ಠಾಣೆಗೆ ಬಂದು ಫಿರ್ಯಾದು ವಾಪಸು ಕೊಡಿ ಎಂದ.

“ಎಫ್‌ಐಆರ್ ಹರದು ಒಗಿಯಾಕ ಬರೂದಿಲ್ಲ ಕಾಶಪ್ಪನವರ. ಕೋರ್ಟಿಗೆ ಹೋಗೇತಿ. ಗಾಲಿ ಸಿಕ್ಕಾವು, ತಗದವರು ಒಪ್ಪ್ಯಾರ. ನಾಳೆ ಅಟಕ ಮಾಡಬೇಕು, ಹುನಗುಂದ ಕೋರ್ಟಿಗೆ ಹಾಜರ ಪಡಸಬೇಕು.”

“ನನ್ನ ಹೇಣತಿನ್ನ? ನನ್ನ ಫಿರ್ಯಾದಿ ಮ್ಯಾಲೆ?”

“ಹೌದು.”

ಕಾಶಪ್ಪ ಬೆಂಚಿನ ಮೇಲೆ ಕುಳಿತ. ಬೂದಿಹಾಳ ಒಂದು ದಾರಿ ಹೇಳಿದರು. ಕಳುವಾದ ಮಾಲಿನ ಕಿಮ್ಮತ್ತು ಇನ್ನೂರೈವತ್ತು ರೂಪಾಯಿ ಮೀರದಿದ್ದರೆ, ಮಾಲೀಕ ಒಪ್ಪಿದರೆ, ನ್ಯಾಯಾಧೀಶರ ಅನುಮತಿಯಿಂದ ರಾಜಿಗೆ ಅವಕಾಶವಿದೆ. ಆದರೆ ಫಿರ್ಯಾದಿನಲ್ಲಿ ಒಂದೂವರೆ ಸಾವಿರ ಎಂದಿದೆ. ಪಂಚರ ಅಂದಾಜು ಬೇರೆಯೇ ಇದೆ. ಖರೆ ಯಾವುದು ಎಂದು ಮಾಲೀಕನೇ ಪುರವಣಿ ಹೇಳಿಕೆ ಕೊಡಬೇಕು.

ಹಣಮಪ್ಪ ಪೆನ್ನು ಹಿಡಿದು ಕಾದ.

“ಬರಕೋರಿ,” ಎಂದ ಕಾಶಪ್ಪ ಕೊನೆಗೆ. “ಟಾಯರ್ ನಾಲ್ಕೂ ಬೋಡ ಆಗ್ಯಾವು. ಡಿಸ್ಕಿಗೆ ಜಂಗ ಹತ್ತೇತಿ. ಗುಜರಿಯವರು ಇನ್ನೂರು ಕೊಟ್ರ ಹೆಚ್ಚು.” ಸಹಿ ಹಾಕಿ ಕಾಗದ ಮುಂದೆ ಸರಿಸಿದ. “ಮುರ್ತುಜನ ಹೆಸರೂ ತಪ್ಪು ಬರಸೇನಿ ಅಂತ ಬರೀರಿ. ನಾಳೆ ಆತನ ಗಾಡಿನ ಬಾಡಿಗಿ ಹೇಳ್ತೇನಿ. ಸ್ಟ್ಯಾಂಡಿನ್ಯಾಗ, ಎಲ್ಲಾರ ಮುಂದ.”

ನವೆಂಬರ್ 10, ಬುಧವಾರ, ಮುಂಜಾನೆ ಎಂಟು ಗಂಟೆ. ಸಾವಿತ್ರೆವ್ವನ ಸಮಕ್ಷಮ ಗುರುಲಿಂಗವ್ವ ಕೋಂ ಕಾಶಪ್ಪ ಹೂಲಗೇರಿ ಇವಳನ್ನು ಬಂಧಿಸಲಾಯಿತು. ಅವಳು ಹಸಿರು ದಡಿಯ ಇಳಕಲ್ ಸೀರೆ ಉಟ್ಟು, ಮಗಳಿಗಾಗಿ ಕಟ್ಟಿದ ಬುತ್ತಿಯ ಗಂಟು ಹಿಡಿದು ಬಂದಿದ್ದಳು. ಬುತ್ತಿ ಯಾಕೆ ಎಂದು ಯಾರೂ ಕೇಳಲಿಲ್ಲ. ಮುರ್ತುಜಸಾಬನ ಕಾರಿನಲ್ಲಿ ಮುಂದೆ ಬೂದಿಹಾಳ ಕುಳಿತರು. ಹಿಂದೆ ಆರೋಪಿ, ಫಿರ್ಯಾದಿ, ಇಬ್ಬರ ನಡುವೆ ಸಾವಿತ್ರೆವ್ವ.

“ವೈನಿ, ನನ್ನ ಗಾಲಿಗೆ ಕೈ ಹಚ್ಚಬ್ಯಾಡ್ರಿ ಮತ್ತ,” ಎಂದು ಮುರ್ತುಜಸಾಬ ಕಾರು ಚಾಲೂ ಮಾಡಿದ. ಕಾಶಪ್ಪ ಮುಂದೆ ಬಾಗಿ ಅವನ ಹೆಗಲ ಮೇಲೆ ಕೈ ಇಟ್ಟ. ಮುರ್ತುಜಸಾಬ ಹಿಂತಿರುಗಿ ನೋಡದೆ, “ಆತು ಬಿಡಣ್ಣ,” ಎಂದ.

ಹುನಗುಂದದ ಕೋರ್ಟಿನಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ನ್ಯಾಯಾಧೀಶರು ಕಾಗದ ಓದಿ, ಕನ್ನಡಕ ತೆಗೆದು, ಆರೋಪಿಗೆ ಜಾಮೀನು ಯಾರು ಎಂದು ಕೇಳಿದರು. ಫಿರ್ಯಾದಿ ಕೈ ಎತ್ತಿದ. ನ್ಯಾಯಾಧೀಶರು ಮತ್ತೊಮ್ಮೆ ಕಾಗದ ನೋಡಿದರು. ರಾಜಿ ಅರ್ಜಿಯನ್ನು ಡಿಸೆಂಬರ್ ತಾರೀಕಿಗೆ ಇಟ್ಟು, ಜಾಮೀನಿನ ಮೇಲೆ ಬಿಡಲು ಆದೇಶಿಸಿದರು.

ಕಾಗದಕ್ಕೆ ಮೊಹರು ಬೀಳುವವರೆಗೆ ಎಲ್ಲರೂ ಹೊರಗಿನ ಬೇವಿನ ಮರದ ಕೆಳಗೆ ಕುಳಿತರು. ಬೂದಿಹಾಳ ಕೇಸ್ ಡೈರಿಯ ಕೊನೆಯ ಭಾಗ ಬರೆಯುತ್ತಿದ್ದರು. ಉದ್ದೇಶ ಎಂಬಲ್ಲಿ ಬಂದು ಪೆನ್ನು ನಿಂತಿತು.

“ಅವ್ವಾರ, ಬಾಯಿ ಬಿಟ್ಟು ಹೇಳಿದ್ರ ಆಗ್ತಿದ್ದಿಲ್ಲೇನು?”

“ಹೇಳಿದ್ನಿರಿ. ಆ ಗಾಡಿಗೆ ಅಂದ್ರ ಅವರಿಗೆ ಅಂದಂಗ. ಆ ಗಾಡಿನ ನಮಗ ಮನಿ ಕಟ್ಟಿ ಕೊಟ್ಟೈತಿ, ಮಗಳ ಲಗ್ನ ಮಾಡೇತಿ. ನನಗೂ ಅದರ ಮ್ಯಾಲೆ ಸಿಟ್ಟಿಲ್ಲ. ಬ್ಯಾಸಿಗ್ಯಾಗ ಅಮೀನಗಡದ ಹತ್ರ ಒಂದು ಹುಡಿಗಿ ಕೊಡ ಹೊತ್ತು ಅಡ್ಡ ಬಂತು. ಇವರು ತುಳದ್ರು, ನಿಲ್ಲಲಿಲ್ಲ. ಮತ್ತ ತುಳದ್ರು, ನಿಂತಿತು. ಕೊಡ ಬಿತ್ತು, ಹುಡಿಗಿ ಉಳೀತು. ಇವರು ಇಳದು ಆಕಿಗೆ ಹೊಸಾ ಕೊಡದ ರೊಕ್ಕ ಕೊಟ್ಟು ನಗಸಿ ಕಳಿಸಿದ್ರು. ಇವರಿಗೆ ಕೊಡ ಕಂಡಿತ್ತು. ನಾ ಹಿಂದ ಕುಂತಾಕಿ, ನನಗ ಹುಡಿಗಿ ಮಾರಿ ಕಂಡಿತ್ತು. ಆವತ್ತಿನಿಂದ ಗಾಡ್ಯಾಗ ಕುಂತ್ರ ನನ್ನ ಬಲಗಾಲು ತಾನ ಕೆಳಗ ಒತ್ತತೈತಿ. ಅಲ್ಲಿ ಏನೂ ಇಲ್ಲ ಅಂತ ಗೊತ್ತೈತಿ, ಆದ್ರೂ ಒತ್ತತೈತಿ. ಇಳಿಯೂದರಾಗ ಮೀನಖಂಡ ಹಿಡದಿರತೈತಿ.”

ಕಾಶಪ್ಪ ನೆಲ ನೋಡುತ್ತಿದ್ದ. ಇಷ್ಟು ತಿಂಗಳು ಅವಳು ಕಾರಿನಿಂದ ಇಳಿದು ಕುಂಟುವುದನ್ನು ಅವನು ಕಂಡಿದ್ದ, ವಯಸ್ಸಾಯಿತು ಎಂದು ಚೇಷ್ಟೆ ಮಾಡಿದ್ದ.

“ಬ್ರೇಕ್ ಹೊಸಾದು ಹಾಕ್ಸಿದ ಮ್ಯಾಲೆ,” ಎಂದ, ತಲೆ ಎತ್ತದೆ, “ಮೊದಲ ನೀ ಮುಂದ ಕುಂತು ತುಳದು ನೋಡು. ಒಂದ ಸಲಕ್ಕ ಹಿಡೀತು ಅಂತ ನೀ ಅಂದ್ರ ಅಷ್ಟ ಗಾಡಿ ಹೊರಗ ತಗೀತೇನಿ. ದಿನಾ.”

“ದಿನಾ?”

“ದಿನಾ. ಸಾರಿಸಿ ಆದ ಮ್ಯಾಲೆ.”

ಗುರುಲಿಂಗವ್ವ ಬುತ್ತಿಯ ಗಂಟನ್ನು ತೊಡೆಯ ಮೇಲಿನಿಂದ ತೆಗೆದು ಗಂಡನ ಕೈಗೆ ಕೊಟ್ಟಳು.

ಹನ್ನೆರಡಕ್ಕೆ ಕಾಗದ ಬಂತು. ಬೂದಿಹಾಳ ಮತ್ತು ಸಾವಿತ್ರೆವ್ವ ಇಳಕಲ್ಲಿಗೆ ಬಸ್ಸು ಹಿಡಿಯಬೇಕಿತ್ತು. ಮುರ್ತುಜಸಾಬ ಕಾರನ್ನು ಬಾದಾಮಿಯ ಕಡೆ ತಿರುಗಿಸಿ ನಿಲ್ಲಿಸಿದ. ಹೊರಡುವ ಮೊದಲು, ಯಾರೂ ಹೇಳದಿದ್ದರೂ, ಅವನು ಬ್ರೇಕನ್ನು ಒಮ್ಮೆ ತುಳಿದು, ಕನ್ನಡಿಯಲ್ಲಿ ಹಿಂದೆ ಕುಳಿತವಳನ್ನು ನೋಡಿದ. ಅವಳು ಹೂಂ ಎಂದಳು. ಕಾರು ಹೊರಟಿತು.

ಬೂದಿಹಾಳ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಡೈರಿ ತೆರೆದು, ಉದ್ದೇಶ ಎಂಬುದರ ಮುಂದೆ ‘ಮಗಳನ್ನು ಕ್ಷೇಮವಾಗಿ ಮನೆಗೆ ಕರೆತರುವುದು’ ಎಂದು ಬರೆದು ಸಹಿ ಹಾಕಿದರು.